ಆರ್‌ಒಇ 15ರಿಂದ 20ಕ್ಕೆ ಏರಿದೆ. ಕಂಪನಿ ನಿಜವಾಗಿ ಸುಧಾರಿಸಿದೆಯಾ?

ವಿಜಯನಗರ_ಹೂಡಿಕೆ
ಎಲ್ಲರಿಗೂ ನಮಸ್ಕಾರ. ಪೀಣ್ಯ ಕಡೆಯ ಒಂದು ಸಣ್ಣ ಲಿಸ್ಟೆಡ್ ಕಂಪನಿಯ ಷೇರು ನನ್ನ ಹತ್ತಿರ ಇದೆ. ಯಂತ್ರದ ಬಿಡಿಭಾಗ ಮಾಡುತ್ತಾರೆ. ಹೆಸರು ಹೇಳುವುದಿಲ್ಲ. ಇಲ್ಲಿ ಯಾರಿಗೂ ಕೊಳ್ಳಿ, ಮಾರಿ ಅನ್ನುವ ಉದ್ದೇಶ ನನಗಿಲ್ಲ.

ನಮ್ಮ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಖುಷಿಯಲ್ಲಿದ್ದಾರೆ. ಮೂರು ವರ್ಷದಲ್ಲಿ ಆರ್‌ಒಇ, ಅಂದರೆ ಈಕ್ವಿಟಿಯ (ಷೇರುದಾರರ ಸ್ವಂತ ಹಣದ) ಮೇಲೆ ಬಂದ ನಿವ್ವಳ ಲಾಭ, ಶೇ. 15ರಿಂದ 20ಕ್ಕೆ ಹೋಗಿದೆ ಅಂತ. ನನಗೆ ಮಾತ್ರ ಎಲ್ಲೋ ಸರಿ ಕಾಣುತ್ತಿಲ್ಲ. ವಾರ್ಷಿಕ ವರದಿಯ ಅಂಕಿಗಳನ್ನು ಪೂರ್ಣಾಂಕ ಮಾಡಿ ಹಾಕಿದ್ದೇನೆ, ಎಲ್ಲ ಕೋಟಿ ರೂಪಾಯಿಯಲ್ಲಿ:

2021-22: ಮಾರಾಟ 400, ನಿವ್ವಳ ಲಾಭ 24, ಒಟ್ಟು ಆಸ್ತಿ 320, ಈಕ್ವಿಟಿ 160
2024-25: ಮಾರಾಟ 540, ನಿವ್ವಳ ಲಾಭ 30, ಒಟ್ಟು ಆಸ್ತಿ 450, ಈಕ್ವಿಟಿ 150

ಲಾಭ ಏರಿದೆ, ಸರಿ. ಆದರೆ ಈಕ್ವಿಟಿ ಇಳಿದಿದೆ. ಈ 5 ಪಾಯಿಂಟ್ ಎಲ್ಲಿಂದ ಬಂತು ಅಂತ ಬಿಡಿಸಿ ನೋಡುವುದು ಹೇಗೆ?

ಆರ್‌ಪಿಸಿ_ಲೇಔಟ್
ಶೇ. 20 ಅಂದರೆ ಒಳ್ಳೆಯದೇ ಅಲ್ವಾ? ಯಾವ ಎಫ್‌ಡಿ ಇಷ್ಟು ಕೊಡುತ್ತೆ?

ಲೆಕ್ಕ_ಬಸವನಗುಡಿ
ವಿಜಯನಗರದವರೇ, ಸರಿಯಾದ ಪ್ರಶ್ನೆ ಕೇಳಿದ್ದೀರಿ. ಆರ್‌ಒಇಯನ್ನು ಒಂದೇ ಅಂಕಿಯಾಗಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಅದನ್ನು ಮೂರು ತುಂಡು ಮಾಡಬೇಕು.

ಮೊದಲನೆಯದು ಮಾರ್ಜಿನ್. ನೂರು ರೂಪಾಯಿ ಮಾರಾಟಕ್ಕೆ ಕೈಯಲ್ಲಿ ಎಷ್ಟು ಉಳಿಯಿತು. ಎರಡನೆಯದು ಅಸೆಟ್ ಟರ್ನೋವರ್. ಆಸ್ತಿಯ ಒಂದೊಂದು ರೂಪಾಯಿ ಎಷ್ಟು ಮಾರಾಟ ತಂದಿತು. ಮೂರನೆಯದು ಈಕ್ವಿಟಿ ಮಲ್ಟಿಪ್ಲೈಯರ್. ಷೇರುದಾರರ ಒಂದು ರೂಪಾಯಿಯ ಮೇಲೆ ಎಷ್ಟು ರೂಪಾಯಿ ಆಸ್ತಿ ಕಟ್ಟಿದ್ದಾರೆ. ಮೂರನ್ನೂ ಗುಣಿಸಿದರೆ ಆರ್‌ಒಇ.

2021-22: ಶೇ. 6 × 1.25 × 2.0 = ಶೇ. 15
2024-25: ಶೇ. 5.56 × 1.20 × 3.0 = ಶೇ. 20

ಮಾರ್ಜಿನ್ ಇಳಿದಿದೆ. ಟರ್ನೋವರ್ ಇಳಿದಿದೆ. ಏರಿರುವುದು ಮಲ್ಟಿಪ್ಲೈಯರ್ ಒಂದೇ. ಅದು 2ರಲ್ಲೇ ಇದ್ದಿದ್ದರೆ ಈ ವರ್ಷದ ಆರ್‌ಒಇ ಶೇ. 13.3 ಆಗುತ್ತಿತ್ತು.

ಇದಕ್ಕೆ ಡುಪಾಂಟ್ ವಿಧಾನ ಅಂತಾರೆ. 1910ರ ದಶಕದಲ್ಲಿ ಅಮೆರಿಕದ ಡುಪಾಂಟ್ ಕಂಪನಿಯಲ್ಲಿದ್ದ ಡೊನಾಲ್ಡ್‌ಸನ್ ಬ್ರೌನ್ ಮಾರ್ಜಿನ್ ಮತ್ತು ಟರ್ನೋವರ್ ಎರಡನ್ನೂ ಗುಣಿಸಿ ನೋಡುವ ಪದ್ಧತಿ ತಂದರು. ಸಾಲದ ಭಾಗ ಆಮೇಲೆ ಸೇರಿಕೊಂಡಿತು.

ಹೊಸಕೆರೆಹಳ್ಳಿ_ಟ್ರೇಡರ್
ಹಾಗಾದರೆ ಉತ್ತರ ಸಿಕ್ಕಿತಲ್ಲ ಗುರು. ಕೆಲಸ ಕೆಟ್ಟಿದೆ, ಸಾಲದಲ್ಲಿ ಅಂಕಿ ಉಬ್ಬಿಸಿದ್ದಾರೆ. ಮಾರಿ ಹೊರಗೆ ಬನ್ನಿ.

ಆರ್‌ಪಿಸಿ_ಲೇಔಟ್
ಸಾಲ ಜಾಸ್ತಿ ಆದರೆ ಆರ್‌ಒಇ ಯಾಕೆ ಏರಬೇಕು? ಬಡ್ಡಿ ಕಟ್ಟಬೇಕಲ್ಲ, ಇಳಿಯಬೇಕು ತಾನೇ?

ಲೆಕ್ಕ_ಬಸವನಗುಡಿ
@ಆರ್‌ಪಿಸಿ_ಲೇಔಟ್ ಒಂದೇ ಮನೆ, ಒಂದೇ ಬಾಡಿಗೆ ಅಂದುಕೊಳ್ಳಿ. ಒಬ್ಬರು ಪೂರ್ತಿ ಸ್ವಂತ ಹಣ ಹಾಕಿ ಕೊಂಡರು. ಇನ್ನೊಬ್ಬರು ಕಾಲು ಭಾಗ ಹಾಕಿ ಮಿಕ್ಕಿದ್ದಕ್ಕೆ ಸಾಲ ಮಾಡಿದರು. ಬಾಡಿಗೆಯ ಗಳಿಕೆ ಸಾಲದ ಬಡ್ಡಿ ದರಕ್ಕಿಂತ ಜಾಸ್ತಿ ಇರುವ ತನಕ ಎರಡನೆಯವರ ಸ್ವಂತ ಹಣಕ್ಕೆ ಗಳಿಕೆ ಜಾಸ್ತಿ. ಬಡ್ಡಿ ದರ ಮೇಲಾದ ದಿನ ಲೆಕ್ಕ ತಿರುಗುತ್ತದೆ.

@ಹೊಸಕೆರೆಹಳ್ಳಿ_ಟ್ರೇಡರ್ ಇಷ್ಟು ಬೇಗ ತೀರ್ಪು ಬೇಡ. ನಿವ್ವಳ ಮಾರ್ಜಿನ್ ಒಳಗೆ ಬಡ್ಡಿಯೂ ಇದೆ, ತೆರಿಗೆಯೂ ಇದೆ. ಅದು ಇಳಿದಿದೆ ಅಂದ ತಕ್ಷಣ ಕಾರ್ಖಾನೆಯ ಕೆಲಸ ಕೆಟ್ಟಿದೆ ಅನ್ನುವ ಹಾಗಿಲ್ಲ. ವಿಜಯನಗರದವರು ಬಡ್ಡಿ ಮತ್ತು ತೆರಿಗೆಯ ಅಂಕಿ ಹಾಕಲಿ, ನೋಡೋಣ.

ವಿಜಯನಗರ_ಹೂಡಿಕೆ
ಇಲ್ಲಿದೆ ಸರ್.

2021-22: ಬಡ್ಡಿ 4, ತೆರಿಗೆಗೆ ಮೊದಲಿನ ಲಾಭ 32, ಬ್ಯಾಂಕ್ ಸಾಲ 45
2024-25: ಬಡ್ಡಿ 16, ತೆರಿಗೆಗೆ ಮೊದಲಿನ ಲಾಭ 40, ಬ್ಯಾಂಕ್ ಸಾಲ 170

ಈಕ್ವಿಟಿ ಇಳಿದದ್ದು ಯಾಕೆ ಅಂತಲೂ ಹುಡುಕಿದೆ. ಮೂರು ವರ್ಷದಲ್ಲಿ ಒಟ್ಟು ಲಾಭ 82. ಡಿವಿಡೆಂಡ್ 30 ಹೋಗಿದೆ. ನಡುವೆ ಎರಡು ಸಲ ಷೇರು ಬೈಬ್ಯಾಕ್ (ಕಂಪನಿಯೇ ತನ್ನ ಷೇರು ವಾಪಸ್ ಕೊಳ್ಳುವುದು) ಮಾಡಿದ್ದಾರೆ, ತೆರಿಗೆ ಸೇರಿ 62 ಕೋಟಿ. ಉಳಿಸಿಕೊಂಡಿದ್ದು 52, ಬೈಬ್ಯಾಕ್‌ಗೆ ಕೊಟ್ಟಿದ್ದು 62. ಹಾಗಾಗಿ 160 ಇದ್ದದ್ದು 150 ಆಯಿತು.

ಲೆಕ್ಕ_ಬಸವನಗುಡಿ
ಈಗ ಚಿತ್ರ ಪೂರ್ತಿ ಆಯಿತು. ಬಡ್ಡಿ, ತೆರಿಗೆ ಎರಡಕ್ಕೂ ಮೊದಲಿನ ಲಾಭ ತೆಗೆದುಕೊಳ್ಳಿ. ಆಗ 36, ಈಗ 56. ಮಾರಾಟಕ್ಕೆ ಹೋಲಿಸಿದರೆ ಆಗ ಶೇ. 9, ಈಗ ಶೇ. 10.4. ಅಂದರೆ ಕಾರ್ಖಾನೆಯ ದುಡಿಮೆ ಸುಧಾರಿಸಿದೆ!

ಬಡ್ಡಿ ಕಳೆದ ಮೇಲೆ ಆಗ 36ರಲ್ಲಿ 32 ಉಳಿಯುತ್ತಿತ್ತು, ಅಂದರೆ 0.89 ಭಾಗ. ಈಗ 56ರಲ್ಲಿ 40 ಮಾತ್ರ, 0.71 ಭಾಗ. ತೆರಿಗೆ ಎರಡೂ ವರ್ಷ ಕಾಲು ಭಾಗ, ಅದರಲ್ಲಿ ವ್ಯತ್ಯಾಸ ಇಲ್ಲ. ನಿವ್ವಳ ಮಾರ್ಜಿನ್ ಇಳಿಸಿದ್ದು ಬಡ್ಡಿ ಒಂದೇ.

ಹಾಗಾಗಿ ಸಾಲದ ಲಾಭವನ್ನೂ ಅದರ ಬಡ್ಡಿಯನ್ನೂ ಒಂದೇ ಕಡೆ ಇಡಬೇಕು. ಮಲ್ಟಿಪ್ಲೈಯರ್ ಮತ್ತು ಬಡ್ಡಿಯ ಭಾಗ ಎರಡನ್ನೂ ಗುಣಿಸಿ. ಆಗ 2 × 0.89 = 1.78. ಈಗ 3 × 0.71 = 2.14. ಸಾಲದಿಂದ ನಿವ್ವಳವಾಗಿ ಬಂದ ಏರಿಕೆ 1.2 ಪಟ್ಟು. ಕಾರ್ಖಾನೆಯ ಮಾರ್ಜಿನ್ ಮತ್ತು ಟರ್ನೋವರ್ ಸೇರಿ ಬಂದದ್ದು 1.1 ಪಟ್ಟು. 5 ಪಾಯಿಂಟ್ ಏರಿಕೆಯಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು ದುಡಿಮೆಯದು, ಎರಡು ಪಾಲು ಸಾಲದ್ದು.

ಹೊಸಕೆರೆಹಳ್ಳಿ_ಟ್ರೇಡರ್
ಎರಡು ಪಾಲು ಸಾಲದ್ದು ಅಂತ ನೀವೇ ಹೇಳುತ್ತಿದ್ದೀರಿ. ನಾನು ಹೇಳಿದ್ದೂ ಅದೇ ಅಲ್ವಾ?

ಲೆಕ್ಕ_ಬಸವನಗುಡಿ
ಅಲ್ಲ. ನೀವು ಕೆಲಸ ಕೆಟ್ಟಿದೆ ಅಂದಿರಿ. ಕೆಲಸ ಕೆಟ್ಟಿಲ್ಲ. ಕೆಲಸ ಕೆಟ್ಟ ಕಂಪನಿಯನ್ನು ಮಾರಬೇಕು. ಸಾಲ ಏರಿದ ಕಂಪನಿಯಲ್ಲಿ ಆ ಸಾಲ ಎಲ್ಲಿಗೆ ಹೋಯಿತು ಅಂತ ಕೇಳಬೇಕು. ಇವೆರಡೂ ಬೇರೆ ಬೇರೆ.

ಆರ್ಟಿಕಲ್‌ಶಿಪ್_ಮಲ್ಲೇಶ್ವರಂ
ಸರ್, ಒಂದು ಅನುಮಾನ. ಯಾವ ತುಂಡು ಎಷ್ಟು ಪಾಯಿಂಟ್ ತಂದಿತು ಅಂತ ನಾನೂ ಮಾಡಿ ನೋಡಿದೆ. ಮೊದಲು ಮಾರ್ಜಿನ್, ಆಮೇಲೆ ಟರ್ನೋವರ್, ಕೊನೆಗೆ ಮಲ್ಟಿಪ್ಲೈಯರ್ ಬದಲಿಸಿದರೆ ಮಲ್ಟಿಪ್ಲೈಯರ್‌ನ ಪಾಲು 6.7 ಪಾಯಿಂಟ್. ತಿರುಗಾಮುರುಗಾ ಮಾಡಿ ಮಲ್ಟಿಪ್ಲೈಯರ್‌ನಿಂದ ಶುರು ಮಾಡಿದರೆ 7.5 ಬರುತ್ತದೆ. ಯಾವುದು ಸರಿ?

ಲೆಕ್ಕ_ಬಸವನಗುಡಿ
ಎರಡೂ ಲೆಕ್ಕ ಸರಿ. ಗುಣಾಕಾರ ಇದ್ದ ಕಡೆ ಅನುಕ್ರಮ ಬದಲಾದರೆ ಪಾಲು ಬದಲಾಗುತ್ತದೆ. ಅನುಕ್ರಮದ ಗೊಡವೆ ಬೇಡ ಅಂದರೆ ಲಾಗರಿತಮ್ ತೆಗೆದುಕೊಳ್ಳಿ. ಪ್ರತಿ ತುಂಡಿನ ಲಾಗ್ ವ್ಯತ್ಯಾಸವನ್ನು ಒಟ್ಟು ಲಾಗ್ ವ್ಯತ್ಯಾಸದಿಂದ ಭಾಗಿಸಿ, 5 ಪಾಯಿಂಟಿಗೆ ಗುಣಿಸಿ. ಮೂರು ತುಂಡಿನ ಲೆಕ್ಕದಲ್ಲಿ ಮಾರ್ಜಿನ್ −1.3, ಟರ್ನೋವರ್ −0.7, ಮಲ್ಟಿಪ್ಲೈಯರ್ +7.0 ಬರುತ್ತದೆ. ಕೂಡಿದರೆ ಸರಿಯಾಗಿ 5. ಎಕ್ಸೆಲ್‌ನಲ್ಲಿ ಎರಡು ನಿಮಿಷದ ಕೆಲಸ.

ಸಿಎ_ಜಯನಗರ
ಒಂದು ತಿದ್ದುಪಡಿ. ಎಲ್ಲರೂ ವರ್ಷದ ಕೊನೆಯ ಈಕ್ವಿಟಿ ಹಿಡಿದು ಲೆಕ್ಕ ಮಾಡುತ್ತಿದ್ದೀರಿ. ಲಾಭ ಇಡೀ ವರ್ಷದ್ದು, ಈಕ್ವಿಟಿ ಮಾರ್ಚ್ 31ರ ಒಂದು ದಿನದ್ದು. ವರ್ಷದ ಆರಂಭ ಮತ್ತು ಕೊನೆಯ ಸರಾಸರಿ ತೆಗೆದುಕೊಳ್ಳುವುದು ಒಳ್ಳೆಯದು. ಬೈಬ್ಯಾಕ್ ಆದ ವರ್ಷಗಳಲ್ಲಂತೂ ಸರಾಸರಿ ಬೇಕೇ ಬೇಕು. ಫೆಬ್ರವರಿಯಲ್ಲಿ ಬೈಬ್ಯಾಕ್ ಮುಗಿಸಿದರೆ ಮಾರ್ಚ್ ಕೊನೆಗೆ ಛೇದ, ಅಂದರೆ ಲಾಭವನ್ನು ಭಾಗಿಸುವ ಈಕ್ವಿಟಿ, ಚಿಕ್ಕದಾಗಿರುತ್ತದೆ. ಆದರೆ ಆ ವರ್ಷದ ಲಾಭ ದುಡಿದದ್ದು ದೊಡ್ಡ ಈಕ್ವಿಟಿಯೇ.

ಎರಡನೆಯದು, ಲಾಭದಲ್ಲಿ ಒಂದು ಸಲ ಮಾತ್ರ ಬಂದದ್ದು ಏನಾದರೂ ಇದೆಯಾ ನೋಡಿ. ಹಳೆಯ ಜಾಗ ಮಾರಿದ್ದು, ವಿಮೆ ಹಣ ಬಂದದ್ದು. ಲಾಭ ನಷ್ಟದ ಪಟ್ಟಿಯಲ್ಲಿ ಎಕ್ಸೆಪ್ಷನಲ್ ಐಟಮ್ಸ್ ಅಂತ ಬೇರೆ ಸಾಲು ಇರುತ್ತದೆ. ‘ಇತರ ಆದಾಯ’ದ ಟಿಪ್ಪಣಿಯನ್ನೂ ಬಿಡಬೇಡಿ, ಬೇಕಾದಷ್ಟು ಅಲ್ಲೇ ಅಡಗಿರುತ್ತದೆ.

ಆರ್‌ಪಿಸಿ_ಲೇಔಟ್
ಮೇಡಂ, ಸಾಲ ತಂದು ಬೈಬ್ಯಾಕ್ ಮಾಡಬಹುದಾ? ಕಾನೂನು ಬಿಡುತ್ತಾ?

ಸಿಎ_ಜಯನಗರ
ಲಿಸ್ಟೆಡ್ ಕಂಪನಿ ಬ್ಯಾಂಕ್ ಸಾಲ ತಂದು ನೇರವಾಗಿ ಬೈಬ್ಯಾಕ್ ಮಾಡುವ ಹಾಗಿಲ್ಲ, ಷೇರುಪೇಟೆ ನಿಯಂತ್ರಕ ಸೆಬಿಯ ನಿಯಮ ಬಿಡುವುದಿಲ್ಲ. ಕಂಪನಿ ಕಾಯ್ದೆಯ 68ನೇ ಸೆಕ್ಷನ್ ಪ್ರಕಾರ ಪಾವತಿಯಾದ ಬಂಡವಾಳ ಮತ್ತು ಮುಕ್ತ ಮೀಸಲಿನ ಶೇ. 25ರ ಮಿತಿಯೂ ಇದೆ. ಬೈಬ್ಯಾಕ್ ಆದ ಮೇಲೆ ಸಾಲ ಈಕ್ವಿಟಿಯ ಎರಡು ಪಟ್ಟು ಮೀರಬಾರದು.

ಆದರೆ ಹಣಕ್ಕೆ ಗುರುತು ಇರುವುದಿಲ್ಲ. ಕೈಯಲ್ಲಿದ್ದ ಸ್ವಂತ ಹಣವನ್ನು ಬೈಬ್ಯಾಕ್‌ಗೆ ಹಾಕಿ, ಕಚ್ಚಾಮಾಲು ಕೊಳ್ಳಲು ಬ್ಯಾಂಕಿನ ಸಿಸಿ (ಕ್ಯಾಶ್ ಕ್ರೆಡಿಟ್) ಸಾಲದ ಲಿಮಿಟ್ ಜಾಸ್ತಿ ಮಾಡಿಸಿಕೊಂಡರೆ ಯಾವ ನಿಯಮವೂ ಮುರಿಯುವುದಿಲ್ಲ. ಬ್ಯಾಲೆನ್ಸ್ ಶೀಟ್‌ನಲ್ಲಿ ಮಾತ್ರ ಫಲ ಒಂದೇ.

ಪೀಣ್ಯ_2ನೇ_ಹಂತ
ನಾನು ಇಂಥ ಕಂಪನಿಗಳಿಗೇ ಜಾಬ್‌ವರ್ಕ್ ಮಾಡಿಕೊಡುವವನು. ಎರಡು ಸಿಎನ್‌ಸಿ ಮೆಷಿನ್ ಇವೆ. ನಿಮ್ಮ ಲೆಕ್ಕದಲ್ಲಿ ಒಂದು ಮುಖ್ಯ ಅಂಕಿ ಬಿಟ್ಟುಹೋಗಿದೆ. ಗಿರಾಕಿಗಳಿಂದ ಬರಬೇಕಾದ ಬಾಕಿ ಎಷ್ಟಿದೆ ಹೇಳಿ.

ವಿಜಯನಗರ_ಹೂಡಿಕೆ
ಟ್ರೇಡ್ ರಿಸೀವಬಲ್ಸ್ ಆಗ 82, ಈಗ 148 ಕೋಟಿ.

ಪೀಣ್ಯ_2ನೇ_ಹಂತ
ನೋಡಿ, ಸಿಕ್ಕಿತು. 82 ಅಂದರೆ 75 ದಿನದ ಮಾರಾಟ. 148 ಅಂದರೆ 100 ದಿನದ್ದು. ಮಾಲು ಕಳಿಸಿ ಮೂರು ತಿಂಗಳು ದಾಟಿದರೂ ದುಡ್ಡು ಬಂದಿಲ್ಲ. ಹಳೆಯ 75 ದಿನದಲ್ಲೇ ವಸೂಲಾಗಿದ್ದರೆ ಬಾಕಿ 111 ಕೋಟಿ ಇರಬೇಕಿತ್ತು. 37 ಕೋಟಿ ಜಾಸ್ತಿ ಸಿಕ್ಕಿಹಾಕಿಕೊಂಡಿದೆ. ಆ ಹಣ ಬಂದು ಸಾಲ ತೀರಿದ್ದರೆ ಆಸ್ತಿ 413 ಆಗಿ ಟರ್ನೋವರ್ 1.2ರ ಬದಲು 1.3 ಇರುತ್ತಿತ್ತು. ಬಡ್ಡಿಯಲ್ಲೂ ಮೂರೂವರೆ ಕೋಟಿ ಉಳಿಯುತ್ತಿತ್ತು.

ಶಾಪ್‌ಫ್ಲೋರ್‌ನಲ್ಲಿ ಇದು ಹೇಗಿರುತ್ತದೆ ಅಂತ ಹೇಳುತ್ತೇನೆ. ಮಾರ್ಚ್ ಕೊನೆಯ ವಾರ ಫೋನ್ ಬರುತ್ತದೆ, ಮಾಲು ಇವತ್ತೇ ಕಳಿಸಿ, 31ರ ಒಳಗೆ ಬಿಲ್ ಆಗಬೇಕು ಅಂತ. ರಾತ್ರಿ ಪಾಳಿ ಹಾಕಿ ಮುಗಿಸುತ್ತೇವೆ. ಅವರ ಪುಸ್ತಕದಲ್ಲಿ ಮಾರಾಟ ಕಾಣುತ್ತದೆ, ಲಾಭ ಕಾಣುತ್ತದೆ. ದುಡ್ಡು ಜುಲೈಗೆ. ನಮಗೆ ಅವರು ಕೊಡುತ್ತಿದ್ದದ್ದೂ ಜುಲೈಗೇ. ಒಂದು ಕಂಪನಿ, ಹೆಸರು ಬೇಡ, ರಿಜೆಕ್ಷನ್ ಚೀಟಿ ಬರೆದು ಬರೆದು ನನ್ನ ಒಂದು ಬಿಲ್ಲನ್ನು ದೀಪಾವಳಿ ತನಕ ತಳ್ಳಿತು. ತಪಾಸಣೆಗೆ ಹೋದರೆ ಆ ಮಾಲು ಆಗಲೇ ಅಸೆಂಬ್ಲಿಗೆ ಹೋಗಿ ಫಿಟ್ ಆಗಿತ್ತು.

ಸಿಎ_ಜಯನಗರ
ಈಗ ಅದಕ್ಕೂ ಒಂದು ಹಿಡಿತ ಬಂದಿದೆಯಲ್ಲ ಸರ್. 1961ರ ಆದಾಯ ತೆರಿಗೆ ಕಾಯ್ದೆಯ 43ಬಿ(ಎಚ್) ಸೆಕ್ಷನ್. ಮೈಕ್ರೋ ಮತ್ತು ಸಣ್ಣ ಉದ್ಯಮಗಳಿಗೆ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ತಡವಾದರೆ ಕೊಟ್ಟ ವರ್ಷದಲ್ಲೇ ಆ ಖರ್ಚನ್ನು ತೆರಿಗೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 2023-24ರ ಲೆಕ್ಕದಿಂದ ಜಾರಿಗೆ ಬಂದಿದೆ.

ಪೀಣ್ಯ_2ನೇ_ಹಂತ
ಬಂದಿದೆ ಮೇಡಂ, ಸ್ವಲ್ಪ ಅನುಕೂಲ ಆಗಿದೆ. ಹಾಗಾಗಿಯೇ ಹೇಳುತ್ತಿರುವುದು. ದೊಡ್ಡ ಗಿರಾಕಿ ಇವರಿಗೆ 100 ದಿನ ಮಾಡುತ್ತಾನೆ, ಇವರು ನಮಗೆ 45 ದಿನದಲ್ಲಿ ಕೊಡಬೇಕು. ನಡುವಿನ 55 ದಿನ ಯಾರು ತುಂಬುತ್ತಾರೆ? ಬ್ಯಾಂಕಿನ ಸಿಸಿ ಖಾತೆ. ಏರಿದ 125 ಕೋಟಿ ಸಾಲದಲ್ಲಿ 66 ಕೋಟಿ ಬಾಕಿಗೆ ಹೋಗಿದೆ, 60 ಚಿಲ್ಲರೆ ಬೈಬ್ಯಾಕ್‌ಗೆ ಅಂತ ಇಟ್ಟುಕೊಂಡರೆ ಲೆಕ್ಕ ಹೆಚ್ಚುಕಡಿಮೆ ಕೂಡುತ್ತದೆ. ಹೊಸ ಮೆಷಿನ್‌ಗೆ ತಂದ ಸಾಲ ಆಗಿದ್ದರೆ ನಾನು ಮಾತೇ ಆಡುತ್ತಿರಲಿಲ್ಲ.

ಹೊಸಕೆರೆಹಳ್ಳಿ_ಟ್ರೇಡರ್
ಇದು ಮಾತು. ಡುಪಾಂಟ್‌ಗಿಂತ ಇದೇ ಚೆನ್ನಾಗಿ ಅರ್ಥ ಆಯಿತು.

ಎಲೆಕ್ಟ್ರಾನಿಕ್_ಸಿಟಿ_ಬಸ್
ಮಲ್ಟಿಪ್ಲೈಯರ್ ಏರಿತು ಅಂದರೆ ಕೆಟ್ಟದ್ದು ಅನ್ನುವ ಹಾಗೆ ಚರ್ಚೆ ಹೋಗುತ್ತಿದೆ. ನಮ್ಮೂರಿನ ಇನ್ಫೋಸಿಸ್ ನೋಡಿ. 2020-21ರಲ್ಲಿ ಆದಾಯ ಸುಮಾರು ಒಂದು ಲಕ್ಷ ಕೋಟಿ, 2022-23ರಲ್ಲಿ ಸುಮಾರು 1.47 ಲಕ್ಷ ಕೋಟಿ. ಈಕ್ವಿಟಿ ಎರಡೂ ವರ್ಷ 75-76 ಸಾವಿರ ಕೋಟಿ. ಆಪರೇಟಿಂಗ್ ಮಾರ್ಜಿನ್ (ಬಡ್ಡಿ, ತೆರಿಗೆಗೆ ಮೊದಲಿನ ಮಾರ್ಜಿನ್) ಶೇ. 24.5ರಿಂದ 21ಕ್ಕೆ ಇಳಿಯಿತು. ಆದರೂ ಆರ್‌ಒಇ ಏರಿ 30 ದಾಟಿತು. ಬ್ಯಾಂಕ್ ಸಾಲ ಇಲ್ಲ.

ಹೇಗೆ ಅಂದರೆ ಗಳಿಸಿದ ಹಣವನ್ನು ಇಟ್ಟುಕೊಳ್ಳಲಿಲ್ಲ. ಐದು ವರ್ಷದಲ್ಲಿ ಫ್ರೀ ಕ್ಯಾಶ್ ಫ್ಲೋದ (ಖರ್ಚು, ಹೂಡಿಕೆ ಕಳೆದು ಕೈಯಲ್ಲಿ ಉಳಿಯುವ ನಗದಿನ) ಸುಮಾರು ಶೇ. 85 ವಾಪಸ್ ಕೊಡುತ್ತೇವೆ ಅಂತ 2019ರಲ್ಲೇ ಹೇಳಿದ್ದರು. 2021ರಲ್ಲಿ 9,200 ಕೋಟಿ, 2022-23ರಲ್ಲಿ 9,300 ಕೋಟಿಯ ಬೈಬ್ಯಾಕ್ ಆಯಿತು. ಸುಮ್ನೆ ಕೂತಿದ್ದ ನಗದು ಹೊರಗೆ ಹೋದರೆ ಟರ್ನೋವರ್ ಏರುತ್ತದೆ, ಮಲ್ಟಿಪ್ಲೈಯರ್ ಕೂಡ ಏರುತ್ತದೆ. ಇಲ್ಲೂ ಛೇದ ಬೆಳೆಯದೆ ಇದ್ದದ್ದರಿಂದಲೇ ಆರ್‌ಒಇ ಏರಿದ್ದು. ಆದರೆ ಹೋದ ಹಣ ಸ್ವಂತದ್ದು.

ಲೆಕ್ಕ_ಬಸವನಗುಡಿ
ಸರಿಯಾದ ಉದಾಹರಣೆ. ಒಂದು ಮಾತು ಸೇರಿಸುತ್ತೇನೆ. ಅಲ್ಲೂ ಮಾರ್ಜಿನ್ ಇಳಿದದ್ದು ನಿಜ. ಆರ್‌ಒಇ ಏರಿದ ಖುಷಿಯಲ್ಲಿ ಅದನ್ನು ಮರೆಯುವ ಹಾಗಿಲ್ಲ. ನಗದು ವಾಪಸ್ ಕೊಡುವುದಕ್ಕೆ ಒಂದು ಕೊನೆ ಇದೆ, ಮಾರ್ಜಿನ್ ಇಳಿಯುವುದಕ್ಕೆ ಅಂಥ ಕೊನೆ ಇಲ್ಲ.

ಬಿಸ್ಕೆಟ್_ಷೇರುದಾರ
ಬ್ರಿಟಾನಿಯಾ ಇನ್ನೂ ಚೆನ್ನಾದ ಉದಾಹರಣೆ. 2019ರಲ್ಲಿ ಒಂದು ಷೇರಿಗೆ 30 ರೂಪಾಯಿಯ ಬೋನಸ್ ಡಿಬೆಂಚರ್ (ಷೇರುದಾರರಿಗೆ ಪುಕ್ಕಟೆಯಾಗಿ ಕೊಡುವ ಸಾಲಪತ್ರ) ಕೊಟ್ಟರು. 2021ರಲ್ಲಿ ಮತ್ತೆ 29 ರೂಪಾಯಿಯದು, ಶೇ. 5.5 ಬಡ್ಡಿ. ಷೇರುದಾರರ ಮೀಸಲು ನಿಧಿಯೇ ಷೇರುದಾರರಿಗೆ ಕೊಡಬೇಕಾದ ಸಾಲವಾಗಿ ಬದಲಾಯಿತು. ನಮ್ಮ ಮನೆಯಲ್ಲೂ ಆ ಬಡ್ಡಿ ಬಂತು.

2021-22ರಲ್ಲಿ ಕಂಪನಿಯ ಲಾಭ ಹಿಂದಿನ ವರ್ಷದ ಸುಮಾರು 1,850 ಕೋಟಿಯಿಂದ ಸುಮಾರು 1,515 ಕೋಟಿಗೆ ಇಳಿದಿತ್ತು. ಗೋಧಿ, ತಾಳೆ ಎಣ್ಣೆ ತುಟ್ಟಿಯಾಗಿದ್ದ ಕಾಲ. ಆದರೂ ಆ ವರ್ಷ ಆರ್‌ಒಇ ಇಳಿಯಲಿಲ್ಲ, ಯಾಕೆಂದರೆ ಈಕ್ವಿಟಿ ಲಾಭಕ್ಕಿಂತ ವೇಗವಾಗಿ ಕರಗಿತ್ತು. ಆರ್‌ಒಇ ಒಂದೇ ನೋಡಿದವರಿಗೆ ಅದು ಕಷ್ಟದ ವರ್ಷ ಅಂತಲೇ ಗೊತ್ತಾಗುವುದಿಲ್ಲ.

ಆರ್ಟಿಕಲ್‌ಶಿಪ್_ಮಲ್ಲೇಶ್ವರಂ
ತೆರಿಗೆಯ ತುಂಡನ್ನೂ ಮರೆಯಬಾರದು. 2019ರ ಸೆಪ್ಟೆಂಬರ್‌ನಲ್ಲಿ ಕಾರ್ಪೊರೇಟ್ ತೆರಿಗೆ ಇಳಿಸಿದರು. ಸರ್‌ಚಾರ್ಜ್, ಸೆಸ್ ಸೇರಿ ಸುಮಾರು ಶೇ. 35 ಕಟ್ಟುತ್ತಿದ್ದ ದೊಡ್ಡ ಕಂಪನಿಗೆ ಶೇ. 25.17 ಆಯಿತು. ನೂರು ರೂಪಾಯಿಯಲ್ಲಿ 65 ಉಳಿಯುತ್ತಿದ್ದ ಕಡೆ 75 ಉಳಿಯಿತು. ಬೇರೆ ಏನೂ ಬದಲಾಗದೆ ಶೇ. 13ರ ಆರ್‌ಒಇ 15 ಆಗುತ್ತದೆ. 2018-19ನ್ನು 2020-21ಕ್ಕೆ ಹೋಲಿಸುವವರು ಇದನ್ನು ಬೇರೆ ತೆಗೆದಿಡಬೇಕು.

ನಿವೃತ್ತ_ಬ್ಯಾಂಕ್_ಗುಮಾಸ್ತ
ಹುಡುಗರೇ, ಚರ್ಚೆ ಚೆನ್ನಾಗಿದೆ. ನಮ್ಮ ಕಾಲದಲ್ಲಿ ಜೆ.ಸಿ. ರಸ್ತೆಯ ಸ್ಟಾಕ್ ಎಕ್ಸ್‌ಚೇಂಜ್ ಟವರ್ಸ್ ಹತ್ತಿರ ಬ್ರೋಕರ್ ಬಾಯಲ್ಲಿ ಬಂದದ್ದೇ ವಿಶ್ಲೇಷಣೆ. ಬೆಂಗಳೂರು ಷೇರುಪೇಟೆ 2014ರಲ್ಲಿ ಮುಚ್ಚಿತು. ವಾರ್ಷಿಕ ವರದಿ ಅಂಚೆಯಲ್ಲಿ ಬರುವುದು ತಡವಾದರೆ ಯಾರ ಮನೆಗೆ ಬಂದಿದೆ ಅಂತ ಹುಡುಕಿಕೊಂಡು ಹೋಗುತ್ತಿದ್ದೆವು.

ನನ್ನ ಪ್ರಶ್ನೆ ಬ್ಯಾಂಕ್ ಬಗ್ಗೆ. ಅದೇ ರಸ್ತೆಯಲ್ಲಿ ಕೆನರಾ ಬ್ಯಾಂಕಿನ ಮುಖ್ಯ ಕಚೇರಿ ಇದೆ, ಅದರ ಷೇರು ನನ್ನ ಹತ್ತಿರ ಇದೆ. ಬ್ಯಾಂಕಿಗೆ ಈ ಮೂರು ತುಂಡಿನ ಲೆಕ್ಕ ಹಾಕಿದರೆ ಮಲ್ಟಿಪ್ಲೈಯರ್ ಹದಿನೈದರ ಮೇಲೆ ಬರುತ್ತದೆ. ಹೆದರಬೇಕಾ?

ಲೆಕ್ಕ_ಬಸವನಗುಡಿ
ಇಲ್ಲ ಸರ್. ಬ್ಯಾಂಕಿನ ವ್ಯಾಪಾರವೇ ಬೇರೆಯವರ ಠೇವಣಿಯ ಮೇಲೆ ನಡೆಯುವುದು. ಅಲ್ಲಿ ಮಾರಾಟ, ಟರ್ನೋವರ್ ಬಿಟ್ಟು ಒಟ್ಟು ಆಸ್ತಿಯ ಮೇಲಿನ ಗಳಿಕೆ, ಅಂದರೆ ಆರ್‌ಒಎ, ಇಂಟು ಮಲ್ಟಿಪ್ಲೈಯರ್ ಅಂತ ಎರಡೇ ತುಂಡು ಮಾಡಿ. ಆರ್‌ಒಎ ಒಳಗೆ ಬಡ್ಡಿಯ ಅಂತರ, ಖರ್ಚು, ಕೆಟ್ಟ ಸಾಲಕ್ಕೆ ತೆಗೆದಿಟ್ಟ ಹಣ ಇವನ್ನು ನೋಡಿ.

ಕೆನರಾ ಬ್ಯಾಂಕಿಗೆ 2019-20ರಲ್ಲಿ 2,200 ಕೋಟಿಗೂ ಜಾಸ್ತಿ ನಷ್ಟ. 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಬ್ಯಾಂಕ್ ಬಂದು ಸೇರಿತು. 2023-24ರಲ್ಲಿ 14,500 ಕೋಟಿ ಮೇಲೆ ಲಾಭ, ಆರ್‌ಒಎ ಶೇ. 1ರ ಆಸುಪಾಸು. ಅಷ್ಟು ದೊಡ್ಡ ತಿರುವಿನಲ್ಲಿ ಕೆಟ್ಟ ಸಾಲದ ಹೊರೆ ಇಳಿದದ್ದರ ಪಾಲು ದೊಡ್ಡದು. ಅಂಥ ಉಳಿತಾಯ ಒಂದು ಸಲ ಸಿಗುವುದು. ಮುಂದಿನ ವರ್ಷಗಳಲ್ಲಿ ಆರ್‌ಒಇ ಅದೇ ವೇಗದಲ್ಲಿ ಏರುತ್ತದೆ ಅಂದುಕೊಳ್ಳಬೇಡಿ.

ನಿವೃತ್ತ_ಬ್ಯಾಂಕ್_ಗುಮಾಸ್ತ
ಸರಿ ಸರಿ. ಕೌಂಟರ್‌ನಲ್ಲಿ ಕೂತವನಿಗೆ ಕೆಟ್ಟ ಸಾಲದ ರುಚಿ ಗೊತ್ತು.

ಆರ್‌ಪಿಸಿ_ಲೇಔಟ್
ಹಾಗಾದರೆ ವಿಜಯನಗರದವರ ಕಂಪನಿಗೆ ಈ ಸಾಲ ಅಪಾಯವಾ, ಇಲ್ಲವಾ? ಒಂದೇ ಮಾತಲ್ಲಿ ಹೇಳಿ.

ಸಿಎ_ಜಯನಗರ
ಒಂದೇ ಮಾತಲ್ಲಿ ಆಗುವುದಿಲ್ಲ, ಒಂದು ಲೆಕ್ಕದಲ್ಲಿ ಆಗುತ್ತದೆ. ಈಗ ಆಸ್ತಿಯ ಮೇಲೆ ಬಡ್ಡಿ, ತೆರಿಗೆಗೆ ಮೊದಲು ಶೇ. 12.4 ಗಳಿಸುತ್ತಿದ್ದಾರೆ. ಸಾಲಕ್ಕೆ ಸುಮಾರು ಶೇ. 9.4 ಕಟ್ಟುತ್ತಿದ್ದಾರೆ. ಆ ಅಂತರ ಇರುವ ತನಕ ಸಾಲ ಕೆಲಸ ಮಾಡುತ್ತದೆ.

ಒಂದು ಕೆಟ್ಟ ವರ್ಷ ಬಂದು ಬಡ್ಡಿಗೆ ಮೊದಲಿನ ಲಾಭ ಶೇ. 40 ಬಿದ್ದಿತು ಅಂತ ಇಟ್ಟುಕೊಳ್ಳಿ. 56 ಇದ್ದದ್ದು 33.6. ಬಡ್ಡಿ 16 ಹೋಗಿ, ತೆರಿಗೆ ಹೋಗಿ 13.2. ಆರ್‌ಒಇ ಶೇ. 8.8. 2021-22ರ ಕಂಪನಿಗೆ ಇದೇ ಏಟು ಬಿದ್ದಿದ್ದರೆ 36 ಇದ್ದದ್ದು 21.6, ಬಡ್ಡಿ 4 ಹೋಗಿ, ತೆರಿಗೆ ಹೋಗಿ ಅದೇ 13.2. ಆರ್‌ಒಇ ಶೇ. 8.25. ಒಳ್ಳೆಯ ವರ್ಷದಲ್ಲಿ 5 ಪಾಯಿಂಟ್ ಮುಂದಿರುವ ಕಂಪನಿ ಕೆಟ್ಟ ವರ್ಷದಲ್ಲಿ ಅರ್ಧ ಪಾಯಿಂಟ್ ಮುಂದೆ. ಮೂರು ವರ್ಷದ ಬೆಳವಣಿಗೆ ಪೂರ್ತಿ ಅಲ್ಲೇ ಕರಗುತ್ತದೆ.

ಹೊಸಕೆರೆಹಳ್ಳಿ_ಟ್ರೇಡರ್
ಶೇ. 40 ಬೀಳುವುದು ಜಾಸ್ತಿ ಆಯಿತು ಮೇಡಂ. ಅಷ್ಟು ಎಲ್ಲಿ ಬೀಳುತ್ತೆ?

ಪೀಣ್ಯ_2ನೇ_ಹಂತ
2020ರ ಏಪ್ರಿಲ್‌ನಲ್ಲಿ ಪೀಣ್ಯದಲ್ಲಿ ಒಂದು ಮೆಷಿನ್ ಸದ್ದು ಕೇಳುತ್ತಿರಲಿಲ್ಲ. ಬ್ಯಾಂಕ್ ಬಡ್ಡಿ ಮಾತ್ರ ಓಡುತ್ತಿತ್ತು. ಬೀಳುತ್ತೆ.

ವಿಜಯನಗರ_ಹೂಡಿಕೆ
ಬಹಳ ಉಪಕಾರ ಆಯಿತು. ಎಜಿಎಂ (ಷೇರುದಾರರ ವಾರ್ಷಿಕ ಸಭೆ) ಆನ್‌ಲೈನ್‌ನಲ್ಲಿ ಇದೆ, ಪ್ರಶ್ನೆ ಕಳಿಸಲು ಸಮಯ ಇದೆ. ಬಾಕಿ 100 ದಿನಕ್ಕೆ ಹೋದದ್ದು ಯಾವ ಗಿರಾಕಿಯಿಂದ, ಬಾಕಿ ಬೆಳೆಯುತ್ತಿದ್ದಾಗ ಎರಡನೇ ಬೈಬ್ಯಾಕ್ ಯಾಕೆ, ಈ ಎರಡು ಕೇಳುತ್ತೇನೆ.

ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಬಡ್ಡಿಯ ಟಿಪ್ಪಣಿಯಲ್ಲಿ ‘ಲೀಸ್ ಹೊಣೆಯ ಮೇಲಿನ ಬಡ್ಡಿ’ ಅಂತ ಒಂದು ಸಾಲು ಇದೆ. ಇವರು ಬಾಡಿಗೆ ಗೋಡೌನ್‌ನಲ್ಲಿ ಇದ್ದಾರೆ. ಬಾಡಿಗೆಗೆ ಬಡ್ಡಿ ಎಲ್ಲಿಂದ ಬಂತು?

ಸಿಎ_ಜಯನಗರ
ಅದು ಇಂಡ್ ಎಎಸ್ 116 ಅನ್ನುವ ಲೆಕ್ಕಪತ್ರದ ನಿಯಮ, 2019ರ ಏಪ್ರಿಲ್‌ನಿಂದ ಇದೆ. ದೀರ್ಘ ಕಾಲದ ಬಾಡಿಗೆ ಕರಾರು ಇದ್ದರೆ ಆ ಜಾಗ ಬಳಸುವ ಹಕ್ಕನ್ನು ಆಸ್ತಿ ಅಂತಲೂ, ಮುಂದೆ ಕಟ್ಟಬೇಕಾದ ಬಾಡಿಗೆಯನ್ನು ಹೊಣೆ ಅಂತಲೂ ಬರೆಯಬೇಕು. ಕೈಯಿಂದ ಹೋಗುವುದು ಅದೇ ಬಾಡಿಗೆ. ಆದರೆ ಲೆಕ್ಕದಲ್ಲಿ ಅದು ಸವಕಳಿ ಮತ್ತು ಬಡ್ಡಿ ಅಂತ ಎರಡಾಗುತ್ತದೆ. ಹಾಗಾಗಿ ಟರ್ನೋವರ್ ಸ್ವಲ್ಪ ಇಳಿದಂತೆ, ಮಲ್ಟಿಪ್ಲೈಯರ್ ಸ್ವಲ್ಪ ಏರಿದಂತೆ, ಬಡ್ಡಿಗೆ ಮೊದಲಿನ ಮಾರ್ಜಿನ್ ಚೆನ್ನಾದಂತೆ ಕಾಣುತ್ತದೆ. ನಿಮ್ಮ ಎರಡು ವರ್ಷವೂ 2019ರ ನಂತರದ್ದು, ಹೋಲಿಕೆಗೆ ತೊಂದರೆ ಇಲ್ಲ. ನಡುವೆ ಹೊಸ ಗೋಡೌನ್ ಕರಾರು ಮಾಡಿಕೊಂಡಿದ್ದಾರಾ ಅಂತ ಮಾತ್ರ ನೋಡಿ. ಮಾಡಿದ್ದರೆ ಆಸ್ತಿ ಏರಿದ್ದರಲ್ಲಿ ಅದರದ್ದೂ ಒಂದು ಪಾಲು ಇರುತ್ತದೆ.

ವಿಜಯನಗರ_ಹೂಡಿಕೆ
ದಾಬಸ್‌ಪೇಟೆ ಹತ್ತಿರ ಒಂದು ತೆಗೆದುಕೊಂಡಿದ್ದಾರೆ ಮೇಡಂ. ಒಂಬತ್ತು ವರ್ಷದ ಕರಾರು. ಟಿಪ್ಪಣಿಯಿಂದ ಆ ಅಂಕಿ ಬೇರೆ ತೆಗೆದು ನಾಳೆ ಹಾಕುತ್ತೇನೆ.